ಗುಜರಿಗೆ ಹೋಗದ ದೋಣಿ ಮೋಟಾರುಗಳು

ಮಲ್ಪೆ, ಗಂಗೊಳ್ಳಿ, ಭಟ್ಕಳದ ಕಡೆಯವರಿಗೆ ಔಟ್‌ಬೋರ್ಡ್ ಮೋಟಾರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ನಾಡದೋಣಿಯ ಹಿಂಬದಿಗೆ ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಬಿಚ್ಚಿ ಒಯ್ಯಬಹುದಾದ ಯಂತ್ರ ಅದು. ಮೇಲೆ ಎಂಜಿನ್, ಅದರಿಂದ ನೀರಿಗಿಳಿಯುವ ಉದ್ದನೆಯ ಕಾಲು, ಕಾಲಿನ ತುದಿಯಲ್ಲಿ ನೀರನ್ನು ಹಿಂದಕ್ಕೆ ತಳ್ಳುವ ಫ್ಯಾನು. ಇಷ್ಟೇ. ಕರಾವಳಿಯ ಮೀನುಗಾರನಿಗೆ ಅದು ಹೊಟ್ಟೆಪಾಡಿನ ಸಾಧನ. ಹಳತಾಯಿತೆಂದರೆ ಗುಜರಿಗೆ ಹೋಗುತ್ತದೆ. ಆದರೆ ಅಮೆರಿಕದಲ್ಲಿ, ಹಾಗೆ ಗುಜರಿಗೆ ಹೋಗಬೇಕಾದ ಮೋಟಾರುಗಳನ್ನು ಹುಡುಕಿ ತಂದು, ತುಕ್ಕು ಬಿಡಿಸಿ, ಮತ್ತೆ ನೀರಿಗಿಳಿಸುವವರದೇ ಒಂದು ಸಂಘವಿದೆ. ಅದರ ಹೆಸರು 'ಆಂಟಿಕ್ ಔಟ್‌ಬೋರ್ಡ್ ಮೋಟರ್ ಕ್ಲಬ್'. ಹುಟ್ಟಿದ್ದು 1965ರಲ್ಲಿ.

ಹಳೆಯ ನಾಣ್ಯ, ಅಂಚೆಚೀಟಿ ಸಂಗ್ರಹಿಸುವವರು ಎಲ್ಲೆಡೆ ಇದ್ದಾರೆ. ಗ್ರೀಸು ಮೆತ್ತಿದ ದೋಣಿ ಮೋಟಾರನ್ನು ಯಾಕೆ ಸಂಗ್ರಹಿಸಬೇಕು? ಇದಕ್ಕೆ ಉತ್ತರ ಸಿಗಬೇಕಾದರೆ ಆ ಮೋಟಾರಿನ ಹುಟ್ಟಿನಿಂದಲೇ ಆರಂಭಿಸಬೇಕು.

ದೋಣಿಗೆ ಹೊರಗಿನಿಂದ ಎಂಜಿನ್ ಜೋಡಿಸುವ ಪ್ರಯತ್ನಗಳು 19ನೇ ಶತಮಾನದಲ್ಲೇ ನಡೆದಿದ್ದವು. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದ ಕ್ಯಾಮರೂನ್ ವಾಟರ್‌ಮನ್ 1905ರಲ್ಲಿ ಡೆಟ್ರಾಯಿಟ್ ನದಿಯಲ್ಲಿ ತನ್ನ ಮೋಟಾರನ್ನು ಪರೀಕ್ಷಿಸಿದ. 'ಔಟ್‌ಬೋರ್ಡ್ ಮೋಟರ್' ಎಂಬ ಹೆಸರು ಅವನಿಂದಲೇ ಬಂದದ್ದೆಂದು ಹೇಳುವುದುಂಟು. ಆದರೂ ಜನರ ಬಾಯಲ್ಲಿ ಉಳಿದದ್ದು ಓಲೆ ಎವಿನ್‌ರೂಡ್‌ನ ಹೆಸರು. 1877ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಬಾಲ್ಯದಲ್ಲೇ ವಿಸ್ಕಾನ್ಸಿನ್‌ಗೆ ಬಂದು ನೆಲೆಸಿದ ರೈತ ಕುಟುಂಬದ ಹುಡುಗ ಈತ. 1906ರ ಬೇಸಿಗೆಯಲ್ಲಿ ಕೆರೆಯ ಆಚೆ ದಡದಲ್ಲಿ ಗೆಳೆಯರೊಂದಿಗೆ ವಿಹಾರಕ್ಕೆ ಹೋಗಿದ್ದಾಗ, ಜೊತೆಯಲ್ಲಿದ್ದ ಬೆಸ್ ಕೇರಿ ಐಸ್‌ಕ್ರೀಮ್ ಬೇಕೆಂದಳಂತೆ. ಓಲೆ ಹುಟ್ಟು ಹಾಕುತ್ತ ಹೋಗಿ ತಂದ. ತರುವಷ್ಟರಲ್ಲಿ ಅದು ಕರಗಿ ನೀರಾಗಿತ್ತು. ಕಥೆ ಬೆಳೆದು ಬಂದದ್ದಿರಬಹುದು. ಮೋಟಾರು ಮಾತ್ರ ನಿಜ. ಮರುವರ್ಷ ಅವನು ಮಾಡಿದ ಮೊದಲ ನಮೂನೆಯನ್ನು ಕಂಡು, ಆಗ ಅವನ ಪತ್ನಿಯಾಗಿದ್ದ ಬೆಸ್, ಇದು ಕಾಫಿಬೀಜ ಪುಡಿಮಾಡುವ ಯಂತ್ರದ ಹಾಗಿದೆ ಎಂದಳೆಂದು ಪ್ರತೀತಿ.

1909ರಲ್ಲಿ ಮಾರಾಟಕ್ಕೆ ಬಂದ ಆ ಮೋಟಾರಿನ ಬಲ ಒಂದೂವರೆ ಅಶ್ವಶಕ್ತಿ, ತೂಕ 62 ಪೌಂಡು, ಬೆಲೆ 62 ಡಾಲರು. ವ್ಯವಹಾರ, ಪತ್ರ, ಜಾಹೀರಾತು ಎಲ್ಲವನ್ನೂ ನೋಡಿಕೊಂಡವಳು ಬೆಸ್. ಅವಳ ಆರೋಗ್ಯ ಕೆಟ್ಟಾಗ ಓಲೆ 1914ರಲ್ಲಿ ಕಂಪನಿಯ ತನ್ನ ಪಾಲನ್ನು ಮಾರಿ, ಐದು ವರ್ಷ ಈ ವ್ಯಾಪಾರಕ್ಕೆ ಕೈಹಾಕುವುದಿಲ್ಲವೆಂದು ಒಪ್ಪಿಕೊಂಡ. ತಿರುಗಿ ಬಂದದ್ದು 1921ರಲ್ಲಿ, ಅಲ್ಯುಮಿನಿಯಮ್ಮಿನ ಹಗುರವಾದ 'ಎಲ್ಟೊ' ಮೋಟಾರಿನೊಂದಿಗೆ. ತನ್ನದೇ ಹೆಸರಿನ ಕಂಪನಿಯ ಎದುರು ತಾನೇ ಪೈಪೋಟಿಗೆ ನಿಲ್ಲಬೇಕಾದ ಪರಿಸ್ಥಿತಿ! ಅಷ್ಟರಲ್ಲಿ ಇಂಡಿಯಾನಾದ ಜಾನ್ಸನ್ ಸಹೋದರರೂ ಬಂದರು. ಕೋಬನ್, ಲಾಕ್‌ವುಡ್ ಮುಂತಾದ ಎಷ್ಟೋ ಹೆಸರುಗಳು ಬಂದು ಹೋದವು. 1929ರ ಆರ್ಥಿಕ ಕುಸಿತ ಅನೇಕ ಕಾರ್ಖಾನೆಗಳನ್ನು ಮುಚ್ಚಿಸಿತು. ಆಮೇಲೆ ಎರಡನೇ ಮಹಾಯುದ್ಧ. ಯುದ್ಧಕ್ಕೆಂದು ಊರೂರಲ್ಲಿ ಹಳೆಯ ಲೋಹ ಸಂಗ್ರಹಿಸಿದಾಗ ಹಿತ್ತಾಳೆ, ಕಂಚು, ಅಲ್ಯುಮಿನಿಯಮ್ಮಿನ ಎಷ್ಟೋ ಹಳೆಯ ಮೋಟಾರುಗಳು ಕರಗಿಹೋದವು.

ಸಂಘ ಹುಟ್ಟಿದ ಹೊತ್ತಿಗೆ ಕಾಲ ಪೂರ್ತಿ ಬದಲಾಗಿತ್ತು. 1962ರಲ್ಲೇ ಮರ್ಕ್ಯುರಿ ಕಂಪನಿ ನೂರು ಅಶ್ವಶಕ್ತಿಯ ಮೋಟಾರನ್ನು ಮಾರುಕಟ್ಟೆಗೆ ತಂದಿತ್ತು. ಒಂದೂವರೆ ಅಶ್ವಶಕ್ತಿಯ ಮುದುಕನನ್ನು ಕೇಳುವವರಾರು? ಕಂಪನಿಗಳಿಗೆ ಬೇಕಾದದ್ದು ಬರುವ ವರ್ಷದ ಮಾದರಿ; ಐವತ್ತು ವರ್ಷ ಹಿಂದಿನದರ ಬಿಡಿಭಾಗ ಇಟ್ಟುಕೊಳ್ಳುವುದರಲ್ಲಿ ಲಾಭವಿರಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದನ್ನು ಎತ್ತಿಕೊಂಡವರು ಹವ್ಯಾಸಿಗಳು.

ಅವರ ಕೆಲಸ ಮೇಲುನೋಟಕ್ಕೆ ಕಾಣುವಷ್ಟು ಸುಲಭದ್ದಲ್ಲ. ಮೊದಲ ತಲೆಮಾರಿನ ಮೋಟಾರುಗಳನ್ನು ಚಾಲೂ ಮಾಡಲು ಮೇಲಿನ ಭಾರದ ಚಕ್ರಕ್ಕೆ ಒಂದು ಗುಬ್ಬಿಯಂಥ ಹಿಡಿ. ಅದನ್ನು ಹಿಡಿದು ಜೋರಾಗಿ ತಿರುಗಿಸಿ ತಟ್ಟನೆ ಕೈ ತೆಗೆಯಬೇಕು. ತಡವಾದರೆ ಎಂಜಿನ್ನಿನೊಂದಿಗೆ ತಿರುಗಿ ಬರುವ ಹಿಡಿ ಬೆರಳಿನ ಗೆಣ್ಣಿಗೇ ಹೊಡೆಯುತ್ತದೆ. 'ಗೆಣ್ಣುಮುರುಕ' ಎಂಬರ್ಥದ ಅಡ್ಡಹೆಸರನ್ನೇ ಸಂಗ್ರಾಹಕರು ಅವಕ್ಕೆ ಇಟ್ಟಿದ್ದಾರೆ. ಕಿಡಿ ಕೊಡುವ ಕಾಯಿಲ್ ಹಲವು ದಶಕಗಳ ತೇವ ಹೀರಿ ಸತ್ತಿರುತ್ತದೆ. ಅದನ್ನು ಹೊಸದಾಗಿ ಸುತ್ತಬೇಕು, ಇಲ್ಲವೇ ಬೇರೆ ಯಂತ್ರದ್ದನ್ನು ಹೊಂದಿಸಬೇಕು. ಕಾರ್ಬ್ಯುರೇಟರಿನೊಳಗೆ ತೇಲುವ ಬಿರಡೆ ಮರದ ತುಂಡಿಗೆ ಅರಗಿನ ಲೇಪನವಿರುತ್ತಿತ್ತು. ಇತ್ತೀಚಿನ ಪೆಟ್ರೋಲಿನಲ್ಲಿ ಬೆರೆತಿರುವ ಆಲ್ಕೋಹಾಲು ಆ ಅರಗನ್ನು ಕರಗಿಸಿಬಿಡುತ್ತದೆ. ಬಿರಡೆ ಪೆಟ್ರೋಲು ಕುಡಿದು ಮುಳುಗುತ್ತದೆ. ಇಂಥ ಸಂಗತಿಗಳು ಹಳೆಯ ಕೈಪಿಡಿಯಲ್ಲಿ ಸಿಗುವುದಿಲ್ಲ, ಯಾಕೆಂದರೆ ಬರೆದ ಕಾಲಕ್ಕೆ ಆ ತೊಂದರೆಯೇ ಇರಲಿಲ್ಲ.

ಸಂಘದ ಪ್ರಯೋಜನ ಇಲ್ಲಿದೆ. ಒಬ್ಬ ಕಂಡುಕೊಂಡದ್ದು ಸಂಘದ ಪತ್ರಿಕೆ 'ದಿ ಆಂಟಿಕ್ ಔಟ್‌ಬೋರ್ಡರ್' ಮೂಲಕ ಉಳಿದವರಿಗೆ ತಲಪಿತು. ಹಳೆಯ ಜಾಹೀರಾತು, ಕ್ಯಾಟಲಾಗು, ಮೋಟಾರಿನ ಮೇಲಿನ ಲೋಹದ ತಗಡಿನ ಸಂಖ್ಯೆ ಇವನ್ನೆಲ್ಲ ಹೋಲಿಸಿ ಯಾವ ಮಾದರಿ ಯಾವ ವರ್ಷದ್ದೆಂಬ ಪಟ್ಟಿಗಳು ಬೆಳೆದವು. ಡಬ್ಲ್ಯು. ಜೆ. ವೆಬ್ ಮತ್ತು ರಾಬರ್ಟ್ ಕ್ಯಾರಿಕ್ ಬರೆದ ಔಟ್‌ಬೋರ್ಡ್ ಮೋಟಾರುಗಳ ಸಚಿತ್ರ ಇತಿಹಾಸ 1967ರಲ್ಲಿ, ಪೀಟರ್ ಹನ್ ಬರೆದ 'ದಿ ಓಲ್ಡ್ ಔಟ್‌ಬೋರ್ಡ್ ಬುಕ್' 1991ರಲ್ಲಿ ಬಂದವು. ಬೇರೆ ಬೇರೆ ಪ್ರಾಂತಗಳಲ್ಲಿ ಶಾಖೆಗಳು ಹುಟ್ಟಿದವು. ಕೆರೆದಂಡೆಯಲ್ಲಿ ಸೇರಿ ಮೋಟಾರು ಓಡಿಸುವ ಕೂಟಕ್ಕೆ ಅವರು 'ಒದ್ದೆ ಕೂಟ' ಎನ್ನುತ್ತಾರೆ. ಅಲ್ಲಿ ಬಿಡಿಭಾಗಗಳ ಸಂತೆಯೂ ನಡೆಯುತ್ತದೆ. ಹೊಸ ಬಣ್ಣ ಬಳಿದು ಮಿರಮಿರನೆ ಮಿಂಚಿಸಬೇಕೋ, ಸವೆದ ಮೂಲ ಬಣ್ಣವನ್ನೇ ಉಳಿಸಬೇಕೋ ಎಂಬ ಜಗಳ ಮಾತ್ರ ಮುಗಿದಿಲ್ಲ. ದೇವಸ್ಥಾನದ ಹಳೆಯ ಕಲ್ಲುಕೆತ್ತನೆಗೆ ಬಣ್ಣ ಬಳಿಯುವ ಬಗ್ಗೆ ಇಲ್ಲಿ ನಡೆಯುವ ವಾದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಈ ಕೆಲಸದ ಬೆಲೆ ತಿಳಿದದ್ದು ಕಂಪನಿಯೇ ಇಲ್ಲವಾದಾಗ. ಎವಿನ್‌ರೂಡ್, ಜಾನ್ಸನ್ ಎರಡನ್ನೂ ನಡೆಸುತ್ತಿದ್ದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ 2000ದ ಡಿಸೆಂಬರಿನಲ್ಲಿ ದಿವಾಳಿಯೆದ್ದಿತು. ಕೆನಡಾದ ಬೊಂಬಾರ್ಡಿಯರ್ ಮರುವರ್ಷ ಆ ಹೆಸರುಗಳನ್ನು ಕೊಂಡಿತು. 2020ರಲ್ಲಿ ಎವಿನ್‌ರೂಡ್ ಮೋಟಾರುಗಳ ತಯಾರಿಕೆಯೂ ನಿಂತಿತು. ಹೀಗೆ ಮೂಲ ಮನೆತನ ಚದುರಿಹೋದರೂ ಅದರ ವಂಶಾವಳಿ ಹವ್ಯಾಸಿಗಳ ಕಪಾಟಿನಲ್ಲಿ ಉಳಿದಿದೆ.

ಆದರೆ ಈ ಪ್ರೀತಿಗೆ ಇನ್ನೊಂದು ಮುಖವಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಹಳೆಯ ಎರಡು ಸ್ಟ್ರೋಕಿನ ಎಂಜಿನ್ ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ಓಡುತ್ತದೆ; ಅದರ ಗಣನೀಯ ಪಾಲು ಉರಿಯದೆಯೇ ಹೊಗೆಯೊಂದಿಗೆ ನೀರಿಗೆ ಸೇರುತ್ತದೆ. ಅಮೆರಿಕ ಸರ್ಕಾರ 1996ರಲ್ಲಿ ಹೊಸ ದೋಣಿ ಮೋಟಾರುಗಳಿಗೆ ಹೊಗೆಯ ಮಿತಿ ವಿಧಿಸಿತು. ತಿಳಿನೀರಿಗೆ ಹೆಸರಾದ ಟಾಹೊ ಸರೋವರದಲ್ಲಿ ಕಾರ್ಬ್ಯುರೇಟರಿನ ಎರಡು ಸ್ಟ್ರೋಕ್ ಮೋಟಾರುಗಳಿಗೆ 1999ರಲ್ಲಿ ನಿರ್ಬಂಧ ಬಂತು. ಅತಿಯಾಗಿ ಬಳಕೆಯಾಗುವ ಮೋಟಾರಿಗೂ, ವರ್ಷದಲ್ಲಿ ಎರಡು ಸಲ ಹತ್ತು ನಿಮಿಷ ಓಡುವ 1915ರ ಮೋಟಾರಿಗೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವೇ ಎಂದು ಸಂಗ್ರಾಹಕರು ಕೇಳಬಹುದು. ಕುಡಿಯುವ ನೀರಿಗೆ ಅದೇ ಸರೋವರವನ್ನು ನೆಚ್ಚಿದವರ ಮಾತಿನಲ್ಲೂ ತಪ್ಪಿಲ್ಲ. ಅನೇಕರು ಈಗ ಮನೆಯಂಗಳದಲ್ಲಿ ನೀರು ತುಂಬಿದ ಪೀಪಾಯಿಯೊಂದಕ್ಕೆ ಮೋಟಾರನ್ನು ಸಿಕ್ಕಿಸಿ, ನಾಲ್ಕು ಸುತ್ತು ಉಸಿರು ಬರಿಸಿ, ಒರೆಸಿ ಒಳಗಿಡುತ್ತಾರೆ.