ನಮ್ಮ ಎರಿ ಹೊಲದ ಹಾವುಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹದಿನೈದು ನಿಮಿಷ ಕೊಟ್ಟಿದ್ದಾರೆ. “ಹಾವಿನ ಬಗ್ಗೆ ಮಾತಾಡ್ರಿ ಸರ್, ಹುಡುಗರು ಗದ್ದಲ ಮಾಡಂಗಿಲ್ಲ” ಎಂದು ಸಂಘಟಕರು ಹೇಳಿದರು. ಬೇರೆ ಊರಿನ ಕಾಲೇಜುಗಳಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಆದರೆ ಹಾವಿನ ಮೊದಲ ಪಾಠ ಕಲಿತದ್ದು ಇಲ್ಲಿಯೇ, ಅದೂ ಒಂದು ತಪ್ಪು ಮಾಡಿ. ಆ ತಪ್ಪಿಗೆ ಆಮೇಲೆ ಬರುತ್ತೇನೆ.

ನಮ್ಮದು ಎರಿ ಭೂಮಿ. ಬ್ಯಾಸಗಿಯಲ್ಲಿ ಹೊಲ ಬಿರುಕು ಬಿಟ್ಟರೆ ಮೊಣಕೈತನಕ ಕೈ ಇಳಿಯುತ್ತದೆ. ನಮಗೆ ಅದು ಬಿರುಕು. ಇಲಿ, ಕಪ್ಪೆ, ಓತಿಕ್ಯಾತಗಳಿಗೆ ತಂಪಾದ ಮನೆ. ಅವುಗಳ ಹಿಂದೆ ಹಾವೂ ಅಲ್ಲಿಗೇ ಹೋಗುತ್ತದೆ. ಮಿರಗದ ಮಳೆ ಬಿದ್ದಾಗ ಎರಿ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಗ ಹಾವುಗಳು ಬದು, ಬಣವಿ, ತಿಪ್ಪೆ, ಹಿತ್ತಲದ ಕಟ್ಟಿಗೆ ರಾಶಿಗೆ ಬರುತ್ತವೆ. “ಈ ವರ್ಷ ಹಾವು ಭಾಳ ಆಗ್ಯಾವ” ಎಂದು ನಾವು ಮಾತಾಡುತ್ತೇವೆ. ಹಾವು ಹೆಚ್ಚಾಗಿರುವುದಿಲ್ಲ, ಅವುಗಳ ಮನೆ ಮುಚ್ಚಿರುತ್ತದೆ, ಅಷ್ಟೇ.

ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಬಹುಪಾಲು ವಿಷವಿಲ್ಲದವು, ಇಲ್ಲವೆ ಮನುಷ್ಯನಿಗೆ ತಟ್ಟದಷ್ಟು ವಿಷದವು. ಜನರನ್ನು ಹೆಚ್ಚಾಗಿ ಕೊಲ್ಲುವವು ನಾಲ್ಕೇ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಈ ನಾಲ್ವರು ಮಾಡಿದ ಪಾಪಕ್ಕೆ ಉಳಿದವೆಲ್ಲ ಬಡಿಗೆ ಏಟು ತಿನ್ನುತ್ತವೆ.

ಎಲ್ಲಕ್ಕಿಂತ ಹೆಚ್ಚು ಏಟು ತಿಂದದ್ದು ಕೇರೆಹಾವು. ಆರೇಳು ಅಡಿ ಬೆಳೆಯುತ್ತದೆ, ಹಗಲಿನಲ್ಲೇ ತಿರುಗುತ್ತದೆ, ಹೀಗಾಗಿ ಕಣ್ಣಿಗೆ ಬೇಗ ಬೀಳುತ್ತದೆ. ಹಲ್ಲಿನಲ್ಲಿ ವಿಷವಿಲ್ಲ. ಇಲಿಯ ಬಿಲದೊಳಗೇ ನುಗ್ಗಿ ಮರಿಗಳನ್ನೂ ನುಂಗುವ ಕೆಲಸ ಬೆಕ್ಕಿನಿಂದ ಆಗುವುದಿಲ್ಲ, ಕೇರೆಯಿಂದ ಆಗುತ್ತದೆ. ಕಡಲೆ, ಗೋದಿ, ಜೋಳ ಬೆಳೆಯುವ ನಾವು ಅದನ್ನೇ ಹೊಡೆದು, ಆಮೇಲೆ ಅಂಗಡಿಗೆ ಹೋಗಿ ಇಲಿ ಪಾಷಾಣ ತರುತ್ತೇವೆ! ಎರಡು ಹಾವು ಹೆಣೆದುಕೊಂಡು ಎದ್ದು ನಿಂತದ್ದನ್ನು ನಿಮ್ಮಲ್ಲಿ ಹಲವರು ನೋಡಿರಬೇಕು. ಕೇರೆ ಗಂಡು, ನಾಗರ ಹೆಣ್ಣು, ಅವು ಕೂಡುತ್ತಿವೆ ಎಂದು ಹೊಸ ವಸ್ತ್ರ ಹಾಸಿದವರೂ ಇದ್ದಾರೆ. ಸಾಮಾನ್ಯವಾಗಿ ಅದು ಎರಡು ಗಂಡು ಕೇರೆಗಳ ಕುಸ್ತಿ. ಗೆದ್ದವನು ನಿಲ್ಲುತ್ತಾನೆ, ಸೋತವನು ಹೋಗುತ್ತಾನೆ.

ಕೆರೆ, ಹಳ್ಳ, ಕಾಲುವೆ, ಈಗಿನ ಕೃಷಿಹೊಂಡ, ಇವು ನೀರೊಳ್ಳೆ ಹಾವಿನ ಸ್ಥಳ. ಮೈಮೇಲೆ ಪಗಡಿ ಹಾಸಿನಂಥ ಚೌಕುಳಿ. ಮೀನು, ಕಪ್ಪೆ ಅದರ ಊಟ. ಸಿಟ್ಟು ಮಾತ್ರ ಬಹಳ. ಕುತ್ತಿಗೆ ಚಪ್ಪಟೆ ಮಾಡಿ ನಾಗರನ ಹಾಗೆ ನಟಿಸುತ್ತದೆ, ಹಿಡಿಯಹೋದರೆ ಕಚ್ಚಿಯೇ ಬಿಡುತ್ತದೆ. ರಕ್ತ ಬರುತ್ತದೆ, ಜೀವ ಹೋಗುವುದಿಲ್ಲ.

ಇನ್ನು ಎರಡು ತಲೆ ಹಾವು. ಅದಕ್ಕೆ ಇರುವುದು ಒಂದೇ ತಲೆ. ಬಾಲ ಮೊಂಡಾಗಿರುವುದರಿಂದ ಹಾಗೆ ಕಾಣುತ್ತದೆ, ಶತ್ರು ಬಂದರೆ ತಲೆ ಮುಚ್ಚಿಟ್ಟು ಬಾಲ ತೋರಿಸುತ್ತದೆ. ಸಡಿಲ ಮಣ್ಣಿನಲ್ಲಿ ಹುದುಗಿರುವ ಬಡಪಾಯಿ. ಲಕ್ಷಗಟ್ಟಲೆ ಬೆಲೆ ಬರುತ್ತದೆ, ನಿಧಿ ತೋರಿಸುತ್ತದೆ ಎಂದು ನಂಬಿ ಅದನ್ನು ಮಾರಲು ಹೋದವರು ಜೈಲು ನೋಡಿದ್ದಾರೆ. ನಿಧಿಯನ್ನು ಯಾರೂ ನೋಡಿಲ್ಲ. ಬಚ್ಚಲದ ಹತ್ತಿರ ಎರೆಹುಳದಂತೆ ಹರಿದಾಡುವ, ಹೊಳೆಯುವ ಕಪ್ಪು ದಾರದಂಥದ್ದನ್ನೂ ನೀವು ಕಂಡಿರಬಹುದು. ಅದೂ ಹಾವೇ, ಹುಳುಹಾವು. ಇರುವೆ, ಗೆದ್ದಲಿನ ತತ್ತಿ ತಿನ್ನುತ್ತದೆ. ಈ ಜಾತಿಯಲ್ಲಿ ಎಲ್ಲವೂ ಹೆಣ್ಣು. ಗಂಡಿಲ್ಲದೆಯೇ ಸಂತಾನ ಬೆಳೆಯುತ್ತದೆ. (ತಾಯಂದಿರು ನಗುತ್ತಿದ್ದಾರೆ.)

ಈಗ ನನ್ನ ಮನೆಯ ಮಾತು.

ನಾನು ಏಳನೇ ಇಯತ್ತೆಯಲ್ಲಿದ್ದೆ. ಹೆಸರು ಬಿಡಿಸುವ ಕಾಲ. ದೊಡ್ಡಪ್ಪ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ನೆಲದ ಮೇಲೆ ಮಲಗಿದ್ದ. ನಡುರಾತ್ರಿ ಎದ್ದು, “ಏನೋ ಕಡದಂಗಾತು, ಇರವಿ ಇರಬೇಕು” ಎಂದ. ಕಂದೀಲು ಹಿಡಿದು ನೋಡಿದರೆ ಗ್ವಾದಲಿ ಕಡೆ ಒಂದು ಕರಿ ಹಾವು ಸರಿದು ಹೋಯಿತು. ನೋವಿಲ್ಲ, ಬಾವಿಲ್ಲ. ಪಕ್ಕದೂರಿನಲ್ಲಿ ಮಂತ್ರ ಹಾಕುವ ಹಿರಿಯರೊಬ್ಬರಿದ್ದರು. ಅವರ ಕೈಗುಣಕ್ಕೆ ಸುತ್ತೂರಲ್ಲಿ ಹೆಸರು. ಚಕ್ಕಡಿ ಹೂಡಿ ಅಲ್ಲಿಗೆ ಹೋದೆವು. ಬೇರು ಅರೆದು ಕುಡಿಸಿ, ಬೇವಿನ ತಪ್ಪಲಿನಿಂದ ಇಳಿಸಿ, “ಬಾವು ಬಂದಿಲ್ಲ, ವಿಷ ಏರಿಲ್ಲ” ಎಂದು ಧೈರ್ಯ ಹೇಳಿದರು. ಬೆಳಗಿನ ಜಾವ ದೊಡ್ಡಪ್ಪನ ಕಣ್ಣ ರೆಪ್ಪೆ ಜೋತು ಬಿದ್ದವು. “ಯಾಕೋ ನಿದ್ದಿ ಬರಾಕತ್ತೈತಿ” ಎಂದದ್ದೇ ಕೊನೆಯ ಮಾತು. ಮೊದಲ ಬಸ್ಸು ಬರುವ ಮುಂಚೆ ಉಸಿರು ನಿಂತಿತು.

ಆ ಹಿರಿಯರು ಮೋಸಗಾರರಲ್ಲ. ಒಂದು ಪೈಸೆ ಮುಟ್ಟಿದವರಲ್ಲ, ಅಂದು ನಮಗಿಂತ ಹೆಚ್ಚು ಅತ್ತರು. ಹಾಗಾದರೆ ಅವರ ಮಂತ್ರದಿಂದ ಅಷ್ಟೊಂದು ಜನ ಬದುಕಿದ್ದು ಹೇಗೆ? ಇದು ನನಗೆ ಅರ್ಥವಾಗಲು ಹತ್ತು ವರ್ಷ ಬೇಕಾಯಿತು. ಅವರ ಬಾಗಿಲಿಗೆ ಬಂದ ಬಹಳ ಮಂದಿಗೆ ಕಚ್ಚಿದ್ದು ಕೇರೆ, ನೀರೊಳ್ಳೆ, ತೋಳಹಾವು. ಮಂತ್ರವಿಲ್ಲದಿದ್ದರೂ ಅವರು ಬದುಕುತ್ತಿದ್ದರು. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಪಾಪದ ಹಾವುಗಳು ಗಳಿಸಿಕೊಟ್ಟ ಹೆಸರನ್ನು ನಂಬಿ ನಾವು ಕಟ್ಟುಹಾವು ಕಚ್ಚಿದವನನ್ನು ಅಲ್ಲಿಗೆ ಒಯ್ದೆವು. ಕಟ್ಟುಹಾವಿನ ಕಡಿತ ಹೀಗೆಯೇ: ರಾತ್ರಿ, ನೆಲದ ಮೇಲೆ ಮಲಗಿದವರಿಗೆ, ನೋವು ಬಾವು ಇಲ್ಲದೆ. ಅದರ ವಿಷ ನರಗಳನ್ನು ಹಿಡಿದು ಉಸಿರು ನಿಲ್ಲಿಸುತ್ತದೆ.

ಎರಡು ವರ್ಷದ ಮೇಲೆ ನಾನು ಒಂಬತ್ತನೇ ಇಯತ್ತೆ. ನಮ್ಮ ಮನೆಯ ಗೋಡೆಯಲ್ಲಿ ಬಿಳಿ ಪಟ್ಟಿಯ ಹಾವು ಕಂಡಿತು. ದೊಡ್ಡಪ್ಪನನ್ನು ಕೊಂದದ್ದು ಇದೇ ಎಂದು ಹಠದಿಂದ ಬಡಿದು ಕೊಂದು, ಬಾಟ್ಲಿಯಲ್ಲಿ ಹಾಕಿ ಶಾಲೆಗೆ ತಂದೆ. ವಿಜ್ಞಾನದ ಸರ್ ಅದನ್ನು ಕಾಗದದ ಮೇಲೆ ಚಾಚಿ, “ಪಟ್ಟಿ ಎಲ್ಲಿಂದ ಸುರು ಆಗ್ಯಾವ ನೋಡು” ಎಂದರು. ಕುತ್ತಿಗೆಯ ಹತ್ತಿರ ಅಗಲವಾಗಿ ಎದ್ದು ಕಾಣುವ ಪಟ್ಟಿ, ಬಾಲದ ಕಡೆಗೆ ಮಾಸಿದ್ದವು. ಕಟ್ಟುಹಾವಿನಲ್ಲಿ ಸಾಮಾನ್ಯವಾಗಿ ತಿರುಗಾಮುರುಗಾ: ಕುತ್ತಿಗೆಯ ಹತ್ತಿರ ಪಟ್ಟಿ ಮಸುಕು ಇಲ್ಲವೆ ಇರುವುದೇ ಇಲ್ಲ, ಹಿಂದಕ್ಕೆ ಹೋದಂತೆ ಸಣ್ಣ ಬಿಳಿ ಗೆರೆ ಜೋಡಿ ಜೋಡಿಯಾಗಿ ಸ್ಪಷ್ಟ. “ಇದು ತೋಳಹಾವು. ಹಲ್ಲಿ ಹಿಡಿಯಾಕ ಬಂದಿತ್ತು, ತಮ್ಮಾ” ಎಂದರು. ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಮಕ್ಕಳೇ, ಈ ಗುರುತು ಹೇಳಿದ್ದು ದೂರದಿಂದ ನೋಡಿ ಕಲಿಯಲಿ ಎಂದು. ಕಚ್ಚಿಸಿಕೊಂಡ ಮೇಲೆ ಗುರುತು ಹಚ್ಚುತ್ತ ಕೂಡಬೇಡಿ. ಯಾವ ಹಾವಾದರೂ ಸರಿ, ಕೊಯ್ಯಬೇಡಿ, ಚೀಪಬೇಡಿ, ಬಿಗಿದು ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗಿಸದೆ ಸೀದಾ ಆಸ್ಪತ್ರೆ. ಹಾವನ್ನು ಕೊಂದು ಒಯ್ಯುವ ಅವಶ್ಯಕತೆಯೂ ಇಲ್ಲ. ನಾನು ಹೇಳಿದ ನಾಲ್ಕೂ ಹಾವುಗಳ ವಿಷಕ್ಕೆ ಇರುವುದು ಒಂದೇ ಚುಚ್ಚುಮದ್ದು. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತಿದ್ದಾರೆಂದು 2020ರ ಒಂದು ಅಧ್ಯಯನ ಅಂದಾಜು ಮಾಡಿತು. ಹೆಚ್ಚಿನವರು ನಮ್ಮಂಥ ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಮಂತ್ರದವರ ಬಾಗಿಲಲ್ಲಿ ಸತ್ತವರು ಆಸ್ಪತ್ರೆಯ ಲೆಕ್ಕಕ್ಕೆ ಬರುವುದಿಲ್ಲ; ನನ್ನ ದೊಡ್ಡಪ್ಪ ಬರಲಿಲ್ಲ.

ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವವರು ಬ್ಯಾಟರಿ ಒಯ್ಯಿರಿ. ಮಳೆಗಾಲದಲ್ಲಿ ಮಂಚದ ಮೇಲೆ ಮಲಗಿರಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಗಿಸಿರಿ. ಪಂಚಮಿಗೆ ಉಂಡಿ ತಿನ್ನಿರಿ, ಜೋಕಾಲಿ ಜೀಕಿರಿ. ಹಾಲು ಮಕ್ಕಳಿಗಿರಲಿ, ಹಾವಿನ ಆಹಾರ ಅದಲ್ಲ. ಕಲ್ಲ ನಾಗರ, ದಿಟದ ನಾಗರದ ಬಗ್ಗೆ ಬಸವಣ್ಣನವರು ಹೇಳಿದ್ದು ನಿಮಗೆಲ್ಲ ಬಾಯಿಪಾಠ ಇದೆ, ನಾನು ಮತ್ತೆ ಹೇಳುವುದಿಲ್ಲ.

ಇವತ್ತು ಮುಂಜಾನೆ ವಿಜ್ಞಾನದ ಕೋಣೆಗೆ ಹೋಗಿದ್ದೆ. ಕಪಾಟಿನ ಕೆಳಗಿನ ಅರೆಯಲ್ಲಿ ನನ್ನ ಬಾಟ್ಲಿ ಇನ್ನೂ ಇದೆ. ಹಾವು ಬೆಳ್ಳಗಾಗಿದೆ, ಪಟ್ಟಿ ಅಷ್ಟಿಷ್ಟು ಕಾಣುತ್ತವೆ, ಸರ್ ಬರೆದ ಚೀಟಿ ಓದಲಾಗದಷ್ಟು ಮಾಸಿದೆ. ಹೊಸ ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡು ಬಂದಿದ್ದೇನೆ. ಮುಖ್ಯೋಪಾಧ್ಯಾಯರು ಅಪ್ಪಣೆ ಕೊಟ್ಟರೆ ಊಟಕ್ಕೆ ಮುಂಚೆ ಅಂಟಿಸಿ ಬರುತ್ತೇನೆ.