ಹಳೆಯ ಹೊಗೆಬಂಡಿಗಳ ನಡುವೆ

ಕಣಕಟ್ಟೆಯ ಕಡೆಯವರಿಗೆ ರೈಲೆಂದರೆ ಅರಸೀಕೆರೆಯೇ. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ರೈಲುದಾರಿ 1889ರಲ್ಲಿ ಪೂರ್ತಿಯಾಯಿತು. 1918ರ ವೇಳೆಗೆ ಮೈಸೂರಿನಿಂದ ಹಾಸನದ ಮೇಲೆ ಬಂದ ಇನ್ನೊಂದು ದಾರಿ ಅರಸೀಕೆರೆಯಲ್ಲಿ ಅದನ್ನು ಕೂಡಿಕೊಂಡಿತು. ಎರಡೂ ಮೀಟರ್ ಗೇಜಿನವು, ಎಂದರೆ ಹಳಿಯಿಂದ ಹಳಿಗೆ ಒಂದು ಮೀಟರಿನ ಅಂತರ. 1990ರ ದಶಕದಲ್ಲಿ ಅವು ಬ್ರಾಡ್ ಗೇಜಾದವು. ಚಿಕ್ಕ ಹಳಿ ಹೋಯಿತು. ನಮ್ಮ ಬಾಲ್ಯದ ಹೊಗೆಬಂಡಿಯೂ ಕಣ್ಮರೆಯಾಯಿತು.

ಅದನ್ನು ಈಗ ನೋಡಬೇಕಾದರೆ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ದೆಹಲಿಯಲ್ಲಿ 1977ರಲ್ಲಿ ಇಂಥದೊಂದು ಆರಂಭವಾದ ಮೇಲೆ, 1979ರಲ್ಲಿ ಮೈಸೂರಿನಲ್ಲಿ ಇದು ಹುಟ್ಟಿತು. ರೈಲು ನಿಲ್ದಾಣದ ಸಮೀಪದಲ್ಲೇ ಇದೆ. ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗನ ತಾತ, ಹಿಂದೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವರು, ತಾವೂ ಬರುತ್ತೇನೆಂದು ಜೊತೆಗೆ ಹೊರಟರು.

ಅಲ್ಲಿ ಜನ ಹೆಚ್ಚು ಹೊತ್ತು ನಿಲ್ಲುವುದು 1899ರ ಮಹಾರಾಣಿಯವರ ಬೋಗಿಯ ಮುಂದೆ. ಊಟದ ಕೋಣೆ, ಅಡುಗೆಮನೆ ಎಲ್ಲವೂ ಉಳ್ಳ ಓಡುವ ಅರಮನೆ ಅದು. ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಮೋಟಾರು ಕಾರೂ ಉಂಟು. ಮಕ್ಕಳು ಅದನ್ನು ನೋಡಿ ನಕ್ಕರು. ತಾತನವರು ಮಾತ್ರ ನೆಟ್ಟಗೆ ಉಗಿ ಎಂಜಿನ್ನಿನ ಬಳಿಗೆ ನಡೆದರು.

"ಇದು ಓಡೋದಿಲ್ವಾ ತಾತ?" ಎಂದಳು ಒಬ್ಬ ಹುಡುಗಿ.

"ಬರೀ ಕಬ್ಬಿಣ ಕಣವ್ವಾ ಇದು. ಬೆಂಕಿ ಹಾಕಿದ್ರೆ ತಾನೆ ಜೀವ ಬರೋದು?"

ಆಮೇಲೆ ಅವರು ಹೇಳಿದ್ದನ್ನು ನಾನು ಯಾವ ಪಾಠಪುಸ್ತಕದಲ್ಲೂ ಓದಿರಲಿಲ್ಲ. ಇದ್ದಲನ್ನು ಒಂದೇ ಕಡೆ ಸುರಿದರೆ ಬೆಂಕಿ ಕಂದುತ್ತದೆ. ತೆಳ್ಳಗೆ, ಒಲೆಯ ಮೂಲೆಮೂಲೆಗೂ ಹರಡುವಂತೆ ಬೀಸಬೇಕು. ಏರು ಬಂದ ಮೇಲೆ ಉಗಿ ಎಬ್ಬಿಸುತ್ತೇನೆಂದರೆ ಆಗದು. ಏರಿಗೆ ಮುಂಚೆಯೇ ಅದು ಸಿದ್ಧವಾಗಿರಬೇಕು. ಮಕ್ಕಳು ಬಾಯಲ್ಲಿ ಹೊರಡಿಸುವ ಆ 'ಚುಕುಬುಕು' ಸದ್ದಿನ ಗುಟ್ಟೂ ಇಲ್ಲೇ ಇದೆ. ಸಿಲಿಂಡರಿನಲ್ಲಿ ಕೊಂತವನ್ನು ತಳ್ಳಿ ಕೆಲಸ ಮುಗಿಸಿದ ಉಗಿ ಹೊಗೆಕೊಳವೆಯಿಂದ ಚಿಮ್ಮುವ ಸದ್ದು ಅದು. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಚಕ್ರ ಒಂದು ಸುತ್ತು ತಿರುಗಿದರೆ ನಾಲ್ಕು ಸಲ ಕೇಳುತ್ತದೆ. ಹಾಗೆ ಚಿಮ್ಮುವಾಗ ಹೊಗೆಯನ್ನೂ ಜೊತೆಗೆ ಎಳೆದೊಯ್ಯುವುದರಿಂದ ಒಲೆಗೆ ಹೊಸ ಗಾಳಿ ನುಗ್ಗಿ ಬೆಂಕಿ ಧಗಧಗಿಸುತ್ತದೆ. ಎಂಜಿನ್ನು ತನ್ನ ಉಸಿರಿನಿಂದಲೇ ತನ್ನ ಒಲೆಯನ್ನು ಊದಿಕೊಳ್ಳುತ್ತದೆ!

ಹಳೆಯ ಸಿಗ್ನಲ್ ಕಂಬವನ್ನು ತೋರಿಸಿ ತಾತ "ಕೈಮರ" ಎಂದರು. ಮಕ್ಕಳಿಗೆ ತಿಳಿಯಲಿಲ್ಲ, ಅವರು ಕಂಡಿರುವುದು ಕೆಂಪು ಹಸಿರು ದೀಪಗಳನ್ನು. ಕೈಯಂತೆ ಚಾಚಿದ ಹಲಗೆಯುಳ್ಳ ಮರವೇ ಕೈಮರ. ನಮ್ಮ ಕಡೆ "ಕೈ ಬಿತ್ತು" ಎಂದರೆ ಬಂಡಿ ಬಂತೆಂದೇ ಲೆಕ್ಕ. ಜನ ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಇಂಗ್ಲಿಷಿನ ಹೆಸರಿಗೆ ಪಂಡಿತರು ಕುಳಿತು ಮಾಡಿದ ಪಾರಿಭಾಷಿಕ ಪದಗಳನ್ನು ನಾನು ಬೇಕಾದಷ್ಟು ಬೋಧಿಸಿದ್ದೇನೆ. ಅವುಗಳಲ್ಲಿ ಎಷ್ಟು ಈ ಮಾತಿನ ಸಮಕ್ಕೆ ನಿಂತಾವು? ಕಂಬವನ್ನೇನೋ ಸಂಗ್ರಹಾಲಯದವರು ನಿಲ್ಲಿಸಿದ್ದಾರೆ. ಅದರ ಹೆಸರು ಮಾತ್ರ ಅಂಥವರ ನಾಲಗೆಯ ಮೇಲಿದೆ. ಇದ್ದಲು ಬೀಸಿದ ಕೈಗಳಿಗೆ ಈಗ ಎಂಬತ್ತರ ಆಚೀಚೆ. ನಿಮ್ಮ ಬೀದಿಯಲ್ಲೂ ಒಬ್ಬರು ಇದ್ದಾರು. ಮೈಸೂರಿಗೆ ಹೊರಟಾಗ ಅವರನ್ನೂ ಕರೆಯಿರಿ. ಅಲ್ಲಿಂದ ಬಂದ ಮರುದಿನವೇ ನಮ್ಮ ಮಕ್ಕಳು ತಾತನವರ ಮಾತುಗಳನ್ನು ಬರೆದುಕೊಳ್ಳಲು ತೊಡಗಿದರು.

ಸಂಗ್ರಹಾಲಯದ ಅಂಗಳದಲ್ಲಿ ಪುಟ್ಟ ರೈಲೊಂದು ಮಕ್ಕಳನ್ನು ಸುತ್ತು ಹಾಕಿಸುತ್ತದೆ. ನಿಜವಾದ ಉಗಿಬಂಡಿಯಲ್ಲಿ ಕೂರಬೇಕೆಂಬ ಆಸೆಯುಳ್ಳವರು ನೀಲಗಿರಿಗೆ ಹೋಗಬೇಕು. ಮೆಟ್ಟುಪಾಳ್ಯದಿಂದ ಕೂನೂರಿನವರೆಗಿನ ದಾರಿ ತೆರೆದದ್ದೂ ಮಹಾರಾಣಿಯವರ ಬೋಗಿ ಹುಟ್ಟಿದ 1899ರಲ್ಲೇ. 1908ರಲ್ಲಿ ಅದು ಉದಕಮಂಡಲ ಮುಟ್ಟಿತು. ಒಟ್ಟು 46 ಕಿಲೋಮೀಟರು. 2005ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕೂನೂರಿನ ಕೆಳಗೆ ಹನ್ನೆರಡು ಅಡಿಗೆ ಒಂದಡಿಯಷ್ಟು ಏರುವ ಕಡೆಗಳಿವೆ. ಬಂಡಿ ಜಾರದಂತೆ ಹಳಿಗಳ ನಡುವೆ ಹಲ್ಲಿನ ಪಟ್ಟಿಯಿದೆ. ಎಂಜಿನ್ನು ಹಿಂದೆ ನಿಂತು ಬೋಗಿಗಳನ್ನು ನೂಕುತ್ತದೆ.

ತಾತನವರಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹಿಂದಿನಿಂದ ನೂಕ್ತದೆ ಅಂದ್ರೆ ಕೂತವರ ಕಣ್ಣಿಗೆ ಕಿಡಿ ಬೀಳೋದಿಲ್ಲ ಬಿಡಿ ಮೇಷ್ಟ್ರೇ" ಎಂದರು.