ಧ್ರುವದ ಈಚೆ ಮತ್ತು ಆಚೆ



ನಿಮ್ಮ ತರಗತಿಯ ಗೋಡೆಯ ಮೇಲಿರುವ ಪ್ರಪಂಚದ ಭೂಪಟವನ್ನು ಒಮ್ಮೆ ನೋಡಿ. ನಾರ್ವೆಗೂ ಉತ್ತರದಲ್ಲಿ ಸ್ವಾಲ್ಬಾರ್ಡ್ ಎಂಬ ದ್ವೀಪಸಮೂಹವಿದೆ. ಅಲ್ಲಿಯ ಮುಖ್ಯ ಊರು ಲಾಂಗಿಯರ್‌ಬ್ಯೆನ್. ಭೂಪಟದ ಎಡ ಮೂಲೆಯಲ್ಲಿ, ಅಲಾಸ್ಕದ ಉತ್ತರ ತುದಿಯಲ್ಲಿ, ಉಟ್‌ಕಿಯಾಗ್ವಿಕ್ ಎಂಬ ಇನ್ನೊಂದು ಊರಿದೆ. 2016ರವರೆಗೆ ಅದನ್ನು ಬ್ಯಾರೋ ಎಂದು ಕರೆಯುತ್ತಿದ್ದರು. ಎರಡು ಊರುಗಳಲ್ಲೂ ವಿಮಾನ ನಿಲ್ದಾಣವಿದೆ. ಇವುಗಳ ನಡುವಿನ ದೂರವೆಷ್ಟು? ಅಳತೆಪಟ್ಟಿ ಇಟ್ಟರೆ ಭೂಪಟದ ಅರ್ಧ ಅಗಲವನ್ನೇ ದಾಟಬೇಕೆಂದು ತೋರುತ್ತದೆ.

ಭೂಪಟವನ್ನು ಬದಿಗಿಟ್ಟು ಗ್ಲೋಬನ್ನು ತೆಗೆದುಕೊಳ್ಳಿ. ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಿರಿ. ದಾರ ಅಡ್ಡಲಾಗಿ ಹೋಗದೆ, ಉತ್ತರ ಧ್ರುವದ ಸಮೀಪದಲ್ಲೇ ಹಾದು ಆಚೆ ಬದಿಗೆ ಇಳಿಯುತ್ತದೆ. ಲೆಕ್ಕವೂ ಸುಲಭ. ಲಾಂಗಿಯರ್‌ಬ್ಯೆನ್‌ನಿಂದ ಧ್ರುವಕ್ಕೆ ಹನ್ನೊಂದೂಮುಕ್ಕಾಲು ಡಿಗ್ರಿ, ಅಲ್ಲಿಂದ ಉಟ್‌ಕಿಯಾಗ್ವಿಕ್‌ಗೆ ಹದಿನೆಂಟೂಮುಕ್ಕಾಲು ಡಿಗ್ರಿ. ಎರಡೂ ಊರುಗಳು ಧ್ರುವದ ಎದುರುಬದುರಿಗೆ ಇರುವುದರಿಂದ ಕೂಡಿಸಿಬಿಡಬಹುದು, ಮೂವತ್ತೂವರೆ ಡಿಗ್ರಿ. ಡಿಗ್ರಿಗೆ 111 ಕಿ.ಮೀ.ನಂತೆ ಸುಮಾರು 3,380 ಕಿ.ಮೀ. ಆಯಿತು.

ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ ಇದು ನಾಲ್ಕೂಕಾಲು ಗಂಟೆಯ ದಾರಿ. ಇದರಲ್ಲೊಂದು ಸೋಜಿಗವೂ ಇದೆ. ಅಲಾಸ್ಕದ ಗಡಿಯಾರ ಸ್ವಾಲ್ಬಾರ್ಡಿನದಕ್ಕಿಂತ ಹತ್ತು ಗಂಟೆ ಹಿಂದೆ. ಮಧ್ಯಾಹ್ನ ಹನ್ನೆರಡಕ್ಕೆ ಹೊರಟವರು ಅದೇ ದಿನ ಬೆಳಿಗ್ಗೆ ಆರೂಕಾಲಕ್ಕೆ ಇಳಿಯುತ್ತಾರೆ!

ಆದರೆ ದೂರವನ್ನು ವೇಗದಿಂದ ಭಾಗಿಸಿದ ಮಾತ್ರಕ್ಕೆ ಪ್ರಯಾಣದ ಕಾಲ ಸಿಗುವುದಿಲ್ಲ. 1928ರ ಏಪ್ರಿಲ್‌ನಲ್ಲಿ ಹ್ಯೂಬರ್ಟ್ ವಿಲ್ಕಿನ್ಸ್ ಮತ್ತು ಪೈಲಟ್ ಬೆನ್ ಐಲ್ಸನ್ ಒಂದೇ ಎಂಜಿನ್ನಿನ ವಿಮಾನದಲ್ಲಿ ಬ್ಯಾರೋದಿಂದ ಸ್ವಾಲ್ಬಾರ್ಡಿಗೆ ಹಾರಿದರು. ಧ್ರುವದ ಮೇಲೆ ನೇರವಾಗಿ ಹೋಗದೆ ತುಸು ಬಳಸುದಾರಿ ಹಿಡಿದಿದ್ದರು. ದಿಕ್ಸೂಚಿಯನ್ನು ನಂಬುವಂತಿರಲಿಲ್ಲ, ಅದರ ಮುಳ್ಳು ತೋರಿಸುವುದು ಭೂಮಿಯ ಕಾಂತಧ್ರುವವನ್ನೇ ಹೊರತು ಭೌಗೋಳಿಕ ಧ್ರುವವನ್ನಲ್ಲ. ಸುಮಾರು ಇಪ್ಪತ್ತು ಗಂಟೆ ಹಾರಿದ ಮೇಲೆ ಹಿಮಬಿರುಗಾಳಿ ಎದುರಾಗಿ, ಗುರಿಯ ಸಮೀಪದ ಒಂದು ನಿರ್ಜನ ದ್ವೀಪದಲ್ಲಿ ಇಳಿಯಬೇಕಾಯಿತು. ಸಮುದ್ರವನ್ನು ಒಂದು ದಿನದೊಳಗೆ ದಾಟಿದವರು ಅಲ್ಲಿ ಐದು ದಿನ ಕಾದರು. ಹಿಮದಲ್ಲಿ ಹೂತ ವಿಮಾನವನ್ನು ವಿಲ್ಕಿನ್ಸ್ ಕೆಳಗಿಳಿದು ತಳ್ಳಬೇಕಾಗಿತ್ತು. ಅವರು ಹತ್ತುವಷ್ಟರಲ್ಲಿ ವಿಮಾನ ಮೇಲೇರಿಬಿಡುತ್ತಿತ್ತು. ಐಲ್ಸನ್ ಮತ್ತೆ ಇಳಿದು ಬರುತ್ತಿದ್ದರು.

ಇಂದಿಗೂ ಈ ಎರಡು ನಿಲ್ದಾಣಗಳ ನಡುವೆ ನೇರ ಪ್ರಯಾಣಿಕ ವಿಮಾನವಿಲ್ಲ. ಸ್ವಾಲ್ಬಾರ್ಡಿನಿಂದ ದಕ್ಷಿಣಕ್ಕೆ ನಾರ್ವೆಗೆ ಇಳಿದು, ಅಮೆರಿಕಕ್ಕೆ ಹಾರಿ, ಅಲಾಸ್ಕದ ಆಂಕರೇಜ್ ತಲುಪಿ, ಅಲ್ಲಿಂದ ಮತ್ತೆ ಉತ್ತರಕ್ಕೆ ಏರಬೇಕು. ಹೆಚ್ಚು ಜನ ಓಡಾಡುವ ಕಡೆಯಷ್ಟೇ ವಿಮಾನದ ದಾರಿಗಳು ಬೆಳೆಯುತ್ತವೆ. ಹಾಗಾಗಿ ದೂರದ ಊರೆಂಬುದನ್ನು ಕಿಲೋಮೀಟರಿನಲ್ಲಿ ಅಳೆಯುವುದಕ್ಕಿಂತ, ಅಲ್ಲಿಂದ ಮುಂದಿನ ವಿಮಾನ ಎಲ್ಲಿಗೆ, ಎಂದಿಗೆ ಎಂದು ಕೇಳುವುದು ಮೇಲು.

ಲಾಂಗಿಯರ್‌ಬ್ಯೆನ್‌ನ ಗರ್ಭಿಣಿಯರಿಗೆ ಈ ಪ್ರಶ್ನೆಯ ಅರ್ಥ ಚೆನ್ನಾಗಿ ಗೊತ್ತು. ಅಲ್ಲಿಯ ಸಣ್ಣ ಆಸ್ಪತ್ರೆಯಲ್ಲಿ ಹೆರಿಗೆಯ ಏರ್ಪಾಡಿಲ್ಲ. ಟ್ರೊಮ್ಸೊ ನಗರ ಸುಮಾರು 957 ಕಿ.ಮೀ. ದೂರ, ವಿಮಾನದಲ್ಲಿ ಒಂದೂಮುಕ್ಕಾಲು ಗಂಟೆಯೊಳಗಿನ ಹಾದಿ. ಆದರೂ ಅವರು ದಿನ ತುಂಬುವ ಕೆಲವು ವಾರಗಳ ಮೊದಲೇ ನಾರ್ವೆಯ ಮುಖ್ಯಭೂಮಿಗೆ ಹೊರಡುತ್ತಾರೆ.